ಒಬ್ಬರೇ ಆಡಿದರೆ ಮುಗಿಯದ ಆಟ: ಪೊಕೆಮಾನ್ ಊರೂರು ಸುತ್ತಿದ ಬಗೆ

2025ರ ಆಗಸ್ಟ್ 9. ಜಪಾನಿನ ಮೆಕ್‌ಡೊನಾಲ್ಡ್ಸ್ ಅಂಗಡಿಗಳ ಮುಂದೆ ಉದ್ದನೆಯ ಸಾಲು. ಮಕ್ಕಳಿಗೆ ಅಂತಲೇ ಮಾಡುವ ಊಟದ ಪೊಟ್ಟಣದ ಜೊತೆ ಪೊಕೆಮಾನ್ ಕಾರ್ಡ್ ಕೊಡುತ್ತೇವೆ ಎಂದು ಕಂಪನಿ ಹೇಳಿತ್ತು. ಮೂರು ದಿನಕ್ಕೆ ಅಂತ ಇಟ್ಟಿದ್ದ ಕಾರ್ಡ್‌ಗಳು ಬಹಳಷ್ಟು ಕಡೆ ಮೊದಲ ದಿನವೇ ಖಾಲಿ. ಒಬ್ಬೊಬ್ಬರೇ ರಾಶಿಗಟ್ಟಲೆ ಕೊಂಡರು. ಕಾರ್ಡ್ ಜೇಬಿಗೆ ಹೋಯಿತು, ಊಟ ಕಸಕ್ಕೆ ಹೋಯಿತು. ಬಿಚ್ಚದೇ ಬಿಸಾಕಿದ ಪೊಟ್ಟಣಗಳ ಫೋಟೊ ಎಲ್ಲ ಕಡೆ ಹರಿದಾಡಿದವು. ಆ ಕಾರ್ಡ್‌ಗಳು ಆನ್‌ಲೈನಿನಲ್ಲಿ ಹೆಚ್ಚಿನ ಬೆಲೆಗೆ ಮಾರಾಟಕ್ಕೆ ಬಂದವು. ಕೊನೆಗೆ ಕಂಪನಿ ಕ್ಷಮೆ ಕೇಳಬೇಕಾಯಿತು.

ಊಟ ಹಾಳಾಯಿತಲ್ಲ ಅನ್ನುವ ಸಂಕಟ ಇದ್ದೇ ಇದೆ. ಆದರೆ ನನಗೆ ಜಾಸ್ತಿ ಬೇಜಾರಾಗಿದ್ದು ಇನ್ನೊಂದು ಕಾರಣಕ್ಕೆ. ಪೊಕೆಮಾನ್ ಅಂದರೆ ಕಲ್ಪನೆಯ ಪ್ರಾಣಿಗಳನ್ನು ಹಿಡಿದು, ಬೆಳೆಸಿ, ಕಾದಾಡಿಸುವ ವಿಡಿಯೊ ಗೇಮ್; ಆ ಪ್ರಾಣಿಗಳನ್ನು ಕರೆಯೋದೂ ಅದೇ ಹೆಸರಿನಿಂದ. ಅದು ಹುಟ್ಟಿದ್ದೇ ಒಂದು ಸಣ್ಣ ಆಸೆಯಿಂದ. "ನನ್ನ ಹತ್ತಿರ ಎರಡಿದೆ, ನಿನ್ನ ಹತ್ತಿರ ಒಂದೂ ಇಲ್ಲ. ತಗೋ. ಬದಲಿಗೆ ನಿಂದೊಂದು ಕೊಡು." ಅಷ್ಟೇ ಆಸೆ. ಈ ಆಟ ಜಪಾನ್ ದಾಟಿ ಊರೂರು ಸುತ್ತಿದ್ದಕ್ಕೂ ಅದೇ ಮುಖ್ಯ ಕಾರಣ ಎಂದು ನಾನು ನಂಬಿದ್ದೇನೆ. ಮುದ್ದು ಮುಖದ ಹಳದಿ ಪಿಕಾಚು, ಟಿವಿ ಕಾರ್ಟೂನು, ಬೊಂಬೆ, ಸಿನಿಮಾ ಎಲ್ಲ ಅದರ ಮೇಲೆ ಕಟ್ಟಿದ್ದು. ಅಡಿಪಾಯ ಇರೋದು ಕೊಟ್ಟು ತಗೊಳ್ಳೋದರಲ್ಲಿ.

ಮೊದಲ ಆಟ ಅಂಗಡಿಗೆ ಬಂದಿದ್ದು 1996ರ ಫೆಬ್ರವರಿ 27ಕ್ಕೆ. ಅಲ್ಲಿಂದ ಲೆಕ್ಕ ಹಾಕಿದರೆ 2026ಕ್ಕೆ ಮೂವತ್ತು ವರ್ಷ. ಆಗ ಆಡಿದ ಮಕ್ಕಳಿಗೆ ಈಗ ಮಕ್ಕಳಿದ್ದಾರೆ. ಹಾಗಾಗಿ ಈ ಆಟ ಹೇಗೆ ಬೆಳೆಯಿತು, ಈಗ ಎಲ್ಲಿ ಎಡವುತ್ತಿದೆ ಅಂತ ನೋಡೋದಕ್ಕೆ ಇದು ಒಳ್ಳೆಯ ಸಮಯ.

ಹುಳ ಹಿಡಿಯುವ ಹುಡುಗ

ಈ ಆಟ ಕಟ್ಟಿದ ಸತೋಶಿ ತಾಜಿರಿ ಹುಟ್ಟಿದ್ದು 1965ರಲ್ಲಿ. ಬೆಳೆದಿದ್ದು ಟೋಕಿಯೊದ ಅಂಚಿನ ಮಾಚಿದಾ ಎಂಬಲ್ಲಿ. ಆಗ ಅಲ್ಲಿ ಗದ್ದೆ ಇತ್ತು, ಕೆರೆ ಇತ್ತು, ಸಣ್ಣ ಕಾಡಿತ್ತು. ಹುಡುಗನಿಗೆ ಹುಳ ಹಿಡಿಯುವ ಹುಚ್ಚು. ಯಾವ ಕಲ್ಲಿನಡಿ ಯಾವುದು ಸಿಗುತ್ತದೆ, ಯಾವ ಹೊತ್ತಿಗೆ ಹೊರಬರುತ್ತದೆ ಅನ್ನೋದೆಲ್ಲ ಬಾಯಿಪಾಠ. ಜೊತೆಯ ಮಕ್ಕಳು ಅವನನ್ನು "ಹುಳದ ಡಾಕ್ಟರ್" ಎಂದು ಕರೆಯುತ್ತಿದ್ದರು.

ಇದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಜೀರ್ಜಿಂಬೆ ಹಿಡಿದು ಬೆಂಕಿಪೊಟ್ಟಣದಲ್ಲಿ ಇಟ್ಟು, ಜಾಲಿ ಸೊಪ್ಪು ಹಾಕಿ, ಮೊಟ್ಟೆ ಇಟ್ಟಿತಾ ಅಂತ ಗಳಿಗೆಗೊಮ್ಮೆ ತೆಗೆದು ನೋಡಿದವರು ನಾವು. ಶಾಲೆಯಲ್ಲಿ ಅದಕ್ಕೊಂದು ಮಾರುಕಟ್ಟೆಯೇ ಇತ್ತು. ಒಂದು ಒಳ್ಳೆ ಜೀರ್ಜಿಂಬೆಗೆ ಎರಡು ಬಳಪ. ಫಳಫಳ ಹೊಳೆಯುವುದಾದರೆ ಇನ್ನೂ ಜಾಸ್ತಿ.

ಮಾಚಿದಾ ಬದಲಾಯಿತು. ನಗರ ಹಬ್ಬಿತು, ಕೆರೆ ಮುಚ್ಚಿದರು, ಮನೆಗಳು ಎದ್ದವು, ವಿಡಿಯೊ ಗೇಮ್ ಅಂಗಡಿಗಳು ಬಂದವು. ಹುಳಗಳ ಜಾಗ ಹೋಯಿತು. ತಾಜಿರಿಯ ಹುಚ್ಚು ಗೇಮ್ ಕಡೆ ತಿರುಗಿತು. 1983ರಲ್ಲಿ ಅವರು "ಗೇಮ್ ಫ್ರೀಕ್" ಎಂಬ ಪುಟ್ಟ ಪತ್ರಿಕೆ ಶುರು ಮಾಡಿದರು. ಕೈಬರಹದ ಹಾಳೆಗಳನ್ನು ಪಿನ್ ಹೊಡೆದು ಮಾರುತ್ತಿದ್ದರು. ಅದನ್ನು ನೋಡಿ ಕೆನ್ ಸುಗಿಮೊರಿ ಎಂಬ ಚಿತ್ರಗಾರ ಬಂದು ಸೇರಿಕೊಂಡರು. ಮುಂದೆ ಪೊಕೆಮಾನ್‌ಗಳಿಗೆ ರೂಪ ಕೊಟ್ಟ ಮುಖ್ಯ ಕೈ ಅವರದ್ದೇ. 1989ರಲ್ಲಿ ಪತ್ರಿಕೆ ಕಂಪನಿಯಾಯಿತು.

ಅದೇ ವರ್ಷ ನಿಂಟೆಂಡೊ ಕಂಪನಿಯ ಗೇಮ್ ಬಾಯ್ ಬಂತು, ಕೈಯಲ್ಲಿ ಹಿಡಿದು ವಿಡಿಯೊ ಗೇಮ್ ಆಡುವ ಯಂತ್ರ. ಅಂಗೈಗಿಂತ ಸ್ವಲ್ಪ ದೊಡ್ಡದು, ಬಣ್ಣವಿಲ್ಲದ ಪರದೆ. ಎರಡು ಗೇಮ್ ಬಾಯ್‌ಗಳನ್ನು ಜೋಡಿಸೋಕೆ ಒಂದು ಕೇಬಲ್ ಇತ್ತು. ಬೇರೆಯವರೆಲ್ಲ ಆ ಕೇಬಲ್ಲನ್ನು ಪೈಪೋಟಿಗೆ ಬಳಸಿದರು. ನೀನು ಗೆಲ್ತೀಯೋ ನಾನು ಗೆಲ್ತೀನೋ ಅನ್ನುವ ಆಟಕ್ಕೆ. ತಾಜಿರಿಗೆ ಮಾತ್ರ ಆ ತಂತಿ ಹಿಡಿದು ಒಂದು ಹುಳ ಈ ಕಡೆಯಿಂದ ಆ ಕಡೆಗೆ ಹರಿದು ಹೋಗುವುದು ಕಂಡಿತು.

ಇದರ ಹಿಂದೆ ಇನ್ನೊಂದು ಪುಟ್ಟ ಕತೆಯೂ ಇದೆ. ತಾಜಿರಿ ಮತ್ತು ಸುಗಿಮೊರಿ ಇಬ್ಬರೂ "ಡ್ರ್ಯಾಗನ್ ಕ್ವೆಸ್ಟ್ 2" ಆಡುತ್ತಿದ್ದರು. ಅದರಲ್ಲಿ ಅಪರೂಪಕ್ಕೆ ಸಿಗುವ ಮಾಯದ ಟೋಪಿಯೊಂದಿದೆ. ತಾಜಿರಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಸುಗಿಮೊರಿಗೆ ಎರಡು ಸಿಕ್ಕಿತ್ತು. ಗೆಳೆಯನ ಹತ್ತಿರ ಒಂದು ಸುಮ್ನೆ ಬಿದ್ದಿದೆ, ಆದರೆ ಈಸಿಕೊಳ್ಳೋಕೆ ದಾರಿಯಿಲ್ಲ. ಈ ಕಿರಿಕಿರಿಯೇ ಒಂದು ಆಟವಾಯಿತು.

1990ರಲ್ಲಿ ತಾಜಿರಿ ನಿಂಟೆಂಡೊಗೆ ಯೋಜನೆ ಕೊಟ್ಟರು. ಆಗ ಅದರ ಹೆಸರು "ಕ್ಯಾಪ್ಸೂಲ್ ಮಾನ್‌ಸ್ಟರ್ಸ್". ಮುಗಿಸೋಕೆ ಆರು ವರ್ಷ ಹಿಡಿಯಿತು. ನಡುವೆ ದುಡ್ಡು ಖಾಲಿಯಾಯಿತು, ಕೆಲಸಗಾರರು ಬಿಟ್ಟು ಹೋದರು, ತಾಜಿರಿ ಸಂಬಳ ತೆಗೆದುಕೊಳ್ಳದೆ ಅಪ್ಪನ ಆಸರೆಯಲ್ಲಿ ದಿನ ದೂಡಿದರು. ಮಾರಿಯೊ ಆಟದ ಶಿಗೆರು ಮಿಯಾಮೊಟೊ ಮತ್ತು ಮುಂದೆ ಕ್ರಿಯೇಚರ್ಸ್ ಕಂಪನಿ ಕಟ್ಟಿದ ತ್ಸುನೆಕಾಜು ಇಶಿಹಾರಾ ಬೆನ್ನಿಗೆ ನಿಂತರು. ಆಟ ಅಂಗಡಿಗೆ ಬರುವ ಹೊತ್ತಿಗೆ ಗೇಮ್ ಬಾಯ್‌ಗೆ ಏಳು ವರ್ಷ ತುಂಬುತ್ತಿತ್ತು. ಅದರ ಕಾಲ ಮುಗಿಯಿತು ಅಂತಲೇ ಎಲ್ಲರೂ ಅಂದುಕೊಂಡಿದ್ದರು.

ಈಗ ಆಟದ ಒಳಗಿನ ಕೆಲಸ ನೋಡಿ. ಅಸಲಿ ಜಾಣತನ ಇರೋದು ಇಲ್ಲಿ. ಒಂದೇ ಆಟವನ್ನು ಕೆಂಪು, ಹಸಿರು ಎಂದು ಎರಡು ಬಗೆ ಮಾಡಿ ಮಾರಿದರು. ಕತೆ ಒಂದೇ, ದಾರಿ ಒಂದೇ. ಆದರೆ ಕೆಂಪಲ್ಲಿ ಸಿಗುವ ಕೆಲವು ಪ್ರಾಣಿ ಹಸಿರಲ್ಲಿ ಸಿಗೋದಿಲ್ಲ, ಹಸಿರಲ್ಲಿ ಇರುವ ಕೆಲವು ಕೆಂಪಲ್ಲಿ ಇಲ್ಲ. ಎಲ್ಲ 150 ಬೇಕು ಅಂದರೆ ಬೇರೆ ಬಣ್ಣ ಇರುವ ಗೆಳೆಯ ಬೇಕೇ ಬೇಕು. ಎಷ್ಟೇ ದುಡ್ಡಿದ್ದರೂ, ಎಷ್ಟೇ ಚೆನ್ನಾಗಿ ಆಡಿದರೂ, ಒಬ್ಬರೇ ಕೂತು ಒಂದೇ ಕ್ಯಾಸೆಟ್ಟಿನಲ್ಲಿ ಆಡಿದರೆ ಈ ಆಟ ಮುಗಿಯಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹಾಂಟರ್ ಅನ್ನುವ ದೆವ್ವದಂಥ ಪೊಕೆಮಾನ್ ಇದೆ. ಬೇರೆಯವು ಕಾದಾಡಿ ಕಾದಾಡಿ ಬೆಳೆದು ರೂಪ ಬದಲಿಸುತ್ತವೆ. ಹಾಂಟರ್ ಹಾಗಲ್ಲ. ನೀವು ನೂರು ಕಾಳಗ ಆಡಿಸಿ, ಅದು ಹಾಂಟರ್ ಆಗಿಯೇ ಇರುತ್ತದೆ. ಕೇಬಲ್ ಹಾಯ್ದು ಇನ್ನೊಬ್ಬರ ಗೇಮ್ ಬಾಯ್‌ಗೆ ಹೋದ ಗಳಿಗೆಯಲ್ಲಿ ಮಾತ್ರ ಅದು ಗೆಂಗಾರ್ ಆಗುತ್ತದೆ. ಅಂದರೆ ನಿಮ್ಮ ಪ್ರೀತಿಯ ಪ್ರಾಣಿ ದೊಡ್ಡದಾಗಬೇಕಿದ್ದರೆ ಮೊದಲು ಅದನ್ನು ಕೈಬಿಡಬೇಕು. ಅದು ದೊಡ್ಡದಾಗುವುದು ಗೆಳೆಯನ ಪರದೆಯ ಮೇಲೆ. ಅವನು ವಾಪಸ್ ಕೊಡುತ್ತಾನೆ ಅನ್ನುವ ನಂಬಿಕೆ ಬೇಕು. ಎಂಟು ವರ್ಷದ ಮಗುವಿಗೆ ಇದು ಸಣ್ಣ ವಿಷಯ ಅಲ್ಲ.

ಕೈ ಬದಲಿಸಿದ ಪೊಕೆಮಾನ್ ಮೊದಲ ಯಜಮಾನನ ಹೆಸರನ್ನು ಹೊತ್ತುಕೊಂಡೇ ಇರುತ್ತದೆ. ಹೊಸ ಮನೆಯಲ್ಲಿ ಅದು ಬೇಗ ಬೇಗ ಕಲಿಯುತ್ತದೆ. ಆದರೆ ನೀವು ಇನ್ನೂ ಎಳಸು ಆಟಗಾರ ಆಗಿದ್ದರೆ ಹೇಳಿದ ಮಾತು ಕೇಳೋದಿಲ್ಲ. ಇದನ್ನು ಬರೆದವರು ಮಕ್ಕಳ ಜೊತೆ ನಿಜವಾಗಿ ಬದುಕಿದವರು ಅನಿಸುತ್ತದೆ.

ಶುರುವಿನಲ್ಲಿ ಮಾರಾಟ ನಿಧಾನ. ಅದಕ್ಕೆ ಜೀವ ತುಂಬಿದ್ದು ಒಂದು ಗುಟ್ಟು. ಆಟ ಮುಗಿಯುವ ಕೊನೆಗಳಿಗೆಯಲ್ಲಿ ಪರೀಕ್ಷೆಗೆ ಬಳಸಿದ್ದ ಕೋಡ್ ತೆಗೆದಾಗ 300 ಬೈಟ್‌ನಷ್ಟು ಜಾಗ ಉಳಿಯಿತು. ಶಿಗೆಕಿ ಮೊರಿಮೊಟೊ ಎಂಬ ತಂತ್ರಜ್ಞ ಆ ಇಕ್ಕಟ್ಟಿನಲ್ಲಿ 151ನೆಯ ಪ್ರಾಣಿಯನ್ನು ಅಡಗಿಸಿಟ್ಟರು. ಅದೇ ಮ್ಯೂ. ಮಕ್ಕಳ ಬಾಯಲ್ಲಿ ಗಾಳಿಸುದ್ದಿ ಹಬ್ಬಿತು. "ಕೊರೊಕೊರೊ" ಎಂಬ ಮಕ್ಕಳ ಮಾಸಪತ್ರಿಕೆ, ಚೀಟಿ ಎತ್ತಿ 20 ಮಂದಿಗೆ ಮ್ಯೂ ಕೊಡುತ್ತೇವೆ ಎಂದಿತು. ಬಂದ ಅರ್ಜಿ 78,000. ಅಲ್ಲಿಂದ ಮುಂದೆ ಜಪಾನ್ ಒಂದರಲ್ಲೇ ಕೆಂಪು, ಹಸಿರು, ಆಮೇಲೆ ಬಂದ ನೀಲಿ ಸೇರಿ ಒಂದು ಕೋಟಿ ದಾಟಿದವು.

ಕಡಲು ದಾಟುವಾಗ ಹೊಸ ಹೆಸರು

1996ರ ಅಕ್ಟೋಬರಿನಲ್ಲಿ ಕಾರ್ಡ್ ಆಟ ಬಂತು. 1997ರ ಏಪ್ರಿಲ್ 1ಕ್ಕೆ ಟಿವಿ ಟೋಕಿಯೊದಲ್ಲಿ ಕಾರ್ಟೂನ್ ಶುರುವಾಯಿತು. ನಾಯಕ ಹುಡುಗನ ಹೆಸರು ಸತೋಶಿ, ಅವನ ಎದುರಾಳಿ ಶಿಗೆರು. ತಾಜಿರಿ ಮತ್ತು ಮಿಯಾಮೊಟೊ ಅವರ ಹೆಸರುಗಳೇ. ಕ್ಯಾಸೆಟ್, ಕಾರ್ಡ್, ಕಾರ್ಟೂನ್ ಮೂರೂ ಒಂದಕ್ಕೊಂದು ದಾರಿ ತೋರಿಸುತ್ತಿದ್ದವು.

ಆಗಲೇ ಒಂದು ದೊಡ್ಡ ಅವಘಡವಾಯಿತು. 1997ರ ಡಿಸೆಂಬರ್ 16ರ ಸಂಜೆಯ ಕಂತಿನಲ್ಲಿ ಕೆಂಪು, ನೀಲಿ ಬೆಳಕು ಸೆಕೆಂಡಿಗೆ 12 ಸಲದಷ್ಟು ವೇಗದಲ್ಲಿ ಮಿಂಚಿತು. ನೋಡುತ್ತಿದ್ದ ಮಕ್ಕಳಿಗೆ ತಲೆಸುತ್ತು, ವಾಂತಿ, ಕೆಲವರಿಗೆ ಫಿಟ್ಸ್. ಆಂಬುಲೆನ್ಸ್‌ಗಳಲ್ಲಿ 685 ಮಂದಿಯನ್ನು ಆಸ್ಪತ್ರೆಗೆ ಸಾಗಿಸಿದರು. ಕಾರ್ಟೂನ್ ನಾಲ್ಕು ತಿಂಗಳು ನಿಂತಿತು. 1998ರ ಏಪ್ರಿಲ್ 16ಕ್ಕೆ ಮತ್ತೆ ಬಂದಾಗ ಎಚ್ಚರಿಕೆಯ ಮಾತು ಜೊತೆಗೆ ಬಂತು: ಕೋಣೆಯಲ್ಲಿ ದೀಪ ಹಾಕಿಕೊಳ್ಳಿ, ಟಿವಿಯಿಂದ ದೂರ ಕುಳಿತುಕೊಳ್ಳಿ. ಆ ಕಂತನ್ನು ಮತ್ತೆಂದೂ ತೋರಿಸಲಿಲ್ಲ. ಹೊರದೇಶಗಳ ಎಷ್ಟೋ ಜನ ಪೊಕೆಮಾನ್ ಹೆಸರನ್ನು ಮೊದಲು ಕೇಳಿದ್ದೇ ಈ ಸುದ್ದಿಯಲ್ಲಿ. ಇಷ್ಟಾದ ಮೇಲೂ ಒಂದು ವರ್ಷದೊಳಗೆ ಅದು ಅಮೆರಿಕಕ್ಕೆ ಕಾಲಿಟ್ಟಿತು.

1998ರ ಸೆಪ್ಟೆಂಬರಿನಲ್ಲಿ ಅಲ್ಲಿ ಮೊದಲು ಕಾರ್ಟೂನ್, ಕೆಲವೇ ವಾರದಲ್ಲಿ ಆಟ ಬಂತು. ಆಟವನ್ನು ಇಂಗ್ಲಿಷಿಗೆ ತರೋದು ಸುಲಭ ಇರಲಿಲ್ಲ. ಕೋಡ್ ಇಕ್ಕಟ್ಟಾಗಿತ್ತು. ಅದನ್ನು ಓದಿ, ಹೇಗೆ ಬೇರೆ ಭಾಷೆಗೆ ಒಗ್ಗಿಸಬಹುದು ಅಂತ ದಾರಿ ಹುಡುಕಿದವರು ಸತೋರು ಇವಾಟಾ. ಆಗ ಅವರು ನಿಂಟೆಂಡೊ ನೌಕರರೂ ಅಲ್ಲ, ಹಾಲ್ ಲ್ಯಾಬೊರೇಟರಿ ಎಂಬ ಬೇರೆ ಕಂಪನಿಯ ಮುಖ್ಯಸ್ಥರು. ಮುಂದೆ ನಿಂಟೆಂಡೊದ ಅಧ್ಯಕ್ಷರಾದರು.

ಹೆಸರುಗಳ ಕೆಲಸ ಇನ್ನೂ ಚೆಂದ. ಜಪಾನಿಯಲ್ಲಿ ಒಂದು ಪೊಕೆಮಾನ್ ಹೆಸರು ಹಿತೊಕಾಗೆ. "ಹಿ" ಅಂದರೆ ಬೆಂಕಿ, "ತೊಕಾಗೆ" ಅಂದರೆ ಹಲ್ಲಿ. ಇಂಗ್ಲಿಷಿನಲ್ಲಿ ಅದು ಚಾರ್ಮಾಂಡರ್ ಆಯಿತು. ಸುಡುವುದಕ್ಕೆ ಇರುವ ಮಾತನ್ನೂ ಸಾಲಮಾಂಡರ್ ಎಂಬ ಪ್ರಾಣಿಯ ಹೆಸರನ್ನೂ ಬೆಸೆದು ಮಾಡಿದ್ದು. ಫ್ರೆಂಚರಿಗೆ ಅದೇ ಸಲಮೆಶ್, ಜರ್ಮನರಿಗೆ ಗ್ಲುಮಾಂಡಾ. ಬೆನ್ನ ಮೇಲೆ ಗೆಡ್ಡೆ ಹೊತ್ತ ಇನ್ನೊಂದರ ಜಪಾನಿ ಹೆಸರು ಫುಶಿಗಿದಾನೆ. "ಫುಶಿಗಿ ದಾ ನೆ" ಅಂದರೆ "ವಿಚಿತ್ರ ಅಲ್ವಾ" ಎಂದು. "ತಾನೆ" ಅಂದರೆ ಬೀಜ, ಸಮಾಸದಲ್ಲಿ ಅದು "ದಾನೆ" ಆಗುತ್ತದೆ. ನಮ್ಮ ಆದೇಶ ಸಂಧಿಯ ಹಾಗೆ. ಒಂದೇ ಹೆಸರಲ್ಲಿ ಎರಡು ಮಾತು. ಫ್ರೆಂಚಿನಲ್ಲಿ ಅದನ್ನು ಬುಲ್ಬಿಜಾರ್ ಎಂದರು. ಗೆಡ್ಡೆಯೂ ಉಳಿಯಿತು, ವಿಚಿತ್ರವೂ ಉಳಿಯಿತು. ಎಷ್ಟು ಮುತುವರ್ಜಿಯ ಕೆಲಸ ನೋಡಿ.

ಕೆಲವು ಹೆಸರು ಮುಟ್ಟಲಿಲ್ಲ. ಪಿಕಾಚು ಎಲ್ಲ ಕಡೆ ಪಿಕಾಚು. "ಪಿಕಾ" ಅಂದರೆ ಫಳಕ್ಕನೆ ಮಿಂಚುವುದು, "ಚು" ಅಂದರೆ ಇಲಿಯ ಕೂಗು. ಅದಕ್ಕೆ ದನಿ ಕೊಟ್ಟ ಇಕುಯೆ ಒತಾನಿ ಅವರ ದನಿಯನ್ನೇ ಬೇರೆ ಭಾಷೆಗಳಲ್ಲೂ ಬಹುಮಟ್ಟಿಗೆ ಉಳಿಸಿಕೊಂಡರು.

ಸತೋಶಿ ಆಶ್ ಆದ. ಕಾರ್ಟೂನಿನಲ್ಲಿ ಮಕ್ಕಳು ತಿನ್ನುವ ಒನಿಗಿರಿ, ಅಂದರೆ ಅನ್ನದ ಉಂಡೆಯನ್ನು, ಅಮೆರಿಕದ ಡಬ್ಬಿಂಗಿನಲ್ಲಿ "ಜೆಲ್ಲಿ ಡೋನಟ್" ಎಂದು ಕರೆದರು. ಪರದೆಯ ಮೇಲೆ ಕಾಣೋದು ಅನ್ನ, ಕೇಳೋದು ಡೋನಟ್. ನನಗೆ ಇದು ಹಿಡಿಸುವುದಿಲ್ಲ. ಹೆಸರನ್ನು ಮಗುವಿನ ಭಾಷೆಗೆ ಒಗ್ಗಿಸೋದು ಬೇರೆ, ಕಣ್ಣೆದುರಿಗಿರುವ ಅನ್ನವನ್ನು ಅನ್ನ ಅಲ್ಲ ಅನ್ನೋದು ಬೇರೆ. ಮೊದಲನೆಯದು ಗೌರವ. ಎರಡನೆಯದು ಮಗುವಿಗೆ ಇನ್ನೊಂದು ದೇಶದ ಊಟವೂ ಅರ್ಥವಾಗಲ್ಲ ಅನ್ನುವ ಅಪನಂಬಿಕೆ.

ಇದನ್ನೇ ಹಿಡಿದು ಕೆಲವು ವಿದ್ವಾಂಸರು ಒಂದು ವಾದ ಮಾಡುತ್ತಾರೆ. ಜಪಾನಿನ ಇಂಥ ಸರಕು ಹೊರಗೆ ಗೆದ್ದಿದ್ದು ಅದಕ್ಕೆ ಜಪಾನಿನ ವಾಸನೆ ಇರಲಿಲ್ಲ ಎಂಬ ಕಾರಣಕ್ಕೆ ಅಂತ. ಜಪಾನಿಯಲ್ಲಿ ಇದಕ್ಕೆ "ಮುಕೊಕುಸೆಕಿ" ಎಂಬ ಮಾತೂ ಇದೆ, ಯಾವ ನಾಡಿನದೂ ಅಲ್ಲದ್ದು ಎಂಬ ಅರ್ಥ. ಇದರಲ್ಲಿ ಒಂದಿಷ್ಟು ಸತ್ಯವಿದೆ. ಆದರೆ ಅಷ್ಟರಿಂದಲೇ ಗೆದ್ದಿತು ಅನ್ನೋದನ್ನು ನಾನು ಒಪ್ಪುವುದಿಲ್ಲ. ಮೊದಲ ಆಟ ನಡೆಯುವ ಸೀಮೆಯ ಹೆಸರೇ ಕಾಂಟೊ. ಟೋಕಿಯೊ ಇರುವ ನಿಜವಾದ ಪ್ರಾಂತ್ಯದ ಹೆಸರದು. ವಾಸನೆ ಇಲ್ಲದ ಕಾರ್ಟೂನುಗಳು ಆ ಕಾಲದಲ್ಲಿ ಬೇಕಾದಷ್ಟು ಬಂದು ಹೋದವು. ಇದು ಉಳಿಯಿತು. ಯಾಕೆಂದರೆ ಇದನ್ನು ಆಡೋಕೆ ಪಕ್ಕದ ಮನೆಯ ಹುಡುಗ ಬೇಕಿತ್ತು. ಒಬ್ಬ ಕೊಂಡರೆ ಅವನೇ ಇನ್ನೊಬ್ಬನನ್ನು ಎಳೆದು ತರುತ್ತಿದ್ದ. ಜಾಹೀರಾತು ಮಾಡಲಾಗದ ಕೆಲಸವನ್ನು ಆ ಕೇಬಲ್ ಮಾಡಿತು.

1999ರ ನವೆಂಬರಿನಲ್ಲಿ ಮೊದಲ ಸಿನಿಮಾ ಅಮೆರಿಕದಲ್ಲಿ ತೆರೆ ಕಂಡಿತು. ಎಲ್ಲ ದೇಶ ಸೇರಿ ಅದರ ಗಳಿಕೆ 16 ಕೋಟಿ ಡಾಲರ್ ದಾಟಿತು. ಅದೇ ತಿಂಗಳು "ಟೈಮ್" ಪತ್ರಿಕೆಯ ಮುಖಪುಟಕ್ಕೂ ಪೊಕೆಮಾನ್ ಬಂತು. ಗಲಾಟೆಗಳೂ ಶುರುವಾದವು. ಅಮೆರಿಕದ ಎಷ್ಟೋ ಶಾಲೆಗಳು ಕಾರ್ಡ್ ತರಬೇಡಿ ಎಂದವು. 2001ರಲ್ಲಿ ಸೌದಿ ಅರೇಬಿಯಾ ಜೂಜಾಟಕ್ಕೆ ದಾರಿ ಎಂದು ಹೇಳಿ ನಿಷೇಧ ಹಾಕಿತು.

ಇಷ್ಟು ದೊಡ್ಡ ಸಂಸಾರ ಒಡೆಯದೆ ನಡೆಯೋಕೆ ಕಾರಣ ಒಂದು ವ್ಯವಸ್ಥೆ. ನಿಂಟೆಂಡೊ, ಗೇಮ್ ಫ್ರೀಕ್, ಕ್ರಿಯೇಚರ್ಸ್ ಮೂರೂ ಸೇರಿ 1998ರಲ್ಲಿ ಒಂದು ಕಂಪನಿ ಮಾಡಿಕೊಂಡವು. ಅದೇ ಈಗಿನ ದ ಪೊಕೆಮಾನ್ ಕಂಪನಿ. ಆ ಇಶಿಹಾರಾ ಅವರೇ ಅದರ ಮುಖ್ಯಸ್ಥರು. ಹೊಸ ಆಟ ಬರುವಾಗಲೇ ಹೊಸ ಕಾರ್ಟೂನ್, ಹೊಸ ಕಾರ್ಡ್, ಹೊಸ ಬೊಂಬೆ ಒಟ್ಟಿಗೆ ಬರಬೇಕು. ಎಲ್ಲದಕ್ಕೂ ಒಂದೇ ಪಂಚಾಂಗ. 2013ರ ಅಕ್ಟೋಬರ್ 12ರಿಂದ ದೊಡ್ಡ ಆಟಗಳನ್ನು ಎಲ್ಲ ದೇಶಗಳಲ್ಲೂ ಒಂದೇ ದಿನ ಬಿಡುವುದು ಶುರುವಾಯಿತು. ಕತೆಯ ಸೀಮೆಗಳೂ ಹೊರಗೆ ಹೊರಟವು: ನ್ಯೂಯಾರ್ಕ್, ಫ್ರಾನ್ಸ್, ಹವಾಯಿ, ಬ್ರಿಟನ್, ಸ್ಪೇನ್ ಕಡೆಯ ನೆಲಗಳನ್ನು ಹೋಲುವ ಊರುಗಳು ಬಂದವು. 2022ರ ನವೆಂಬರಿನ "ಸ್ಕಾರ್ಲೆಟ್", "ವಯಲೆಟ್" ಜೋಡಿ ಮೂರೇ ದಿನದಲ್ಲಿ ಒಂದು ಕೋಟಿ ಮಾರಾಟವಾಯಿತು. ಆದರೆ ಪಂಚಾಂಗದ ಅವಸರಕ್ಕೆ ಬೆಲೆಯೂ ತೆರಬೇಕಾಯಿತು. ಆ ಆಟ ಅಲ್ಲಲ್ಲಿ ಕುಂಟುತ್ತಿತ್ತು, ಚಿತ್ರಗಳು ಒಡೆಯುತ್ತಿದ್ದವು, ಜನ ಬೈದರು.

ವಿನಿಮಯ ಬಿಟ್ಟಾಗ ಏನಾಯಿತು

2016ರ ಜುಲೈ 6ಕ್ಕೆ ಪೊಕೆಮಾನ್ ಗೋ ಬಂದಾಗ ಎಲ್ಲರೂ ಬೀದಿಗೆ ಬಿದ್ದರು. ಮೊಬೈಲ್ ಹಿಡಿದು ಪಾರ್ಕು, ಬಸ್ ನಿಲ್ದಾಣ, ಸಮುದ್ರ ತೀರ ಸುತ್ತಿದರು. ಮಾಡಿದವರು ಅಮೆರಿಕದ ನಿಯಾಂಟಿಕ್ ಕಂಪನಿ. ತಾಜಿರಿ ಕಳೆದುಕೊಂಡ ಮಾಚಿದಾ ಕಾಡು ಒಂದು ಬಗೆಯಲ್ಲಿ ವಾಪಸ್ ಬಂದಂತೆ ಆಗಿತ್ತು: ಹೊರಗೆ ಹೋಗು, ನಡೆ, ಹುಡುಕು, ಹಿಡಿ.

ಆದರೆ ಒಂದು ಕೊರತೆ ಇತ್ತು. ಹಿಡಿದದ್ದನ್ನು ಇನ್ನೊಬ್ಬರಿಗೆ ಕೊಡೋಕೆ ಆಗುತ್ತಿರಲಿಲ್ಲ. ಸಾವಿರ ಜನ ಒಂದೇ ಪಾರ್ಕಿನಲ್ಲಿ ನಿಂತಿದ್ದರೂ ಎಲ್ಲರೂ ತಮ್ಮ ತಮ್ಮ ಪರದೆ ನೋಡುತ್ತಿದ್ದರು. ಮೊದಲ ಬೇಸಿಗೆಯ ಹುಚ್ಚು ಬೇಗ ಇಳಿಯಿತು. ಗೆಳೆಯರ ಪಟ್ಟಿ, ಪೊಕೆಮಾನ್ ವಿನಿಮಯ ಎರಡೂ ಬಂದಿದ್ದು 2018ರ ಜೂನಿನಲ್ಲಿ. ವಿನಿಮಯ ಮಾಡೋಕೆ ಇಬ್ಬರೂ ನೂರು ಮೀಟರಿನೊಳಗೆ ಇರಬೇಕು ಅಂತ ನಿಯಮ ಮಾಡಿದರು. ಒಳ್ಳೆಯ ನಿಯಮ ಅದು. ಹಳೆಯ ಕೇಬಲ್ಲಿಗೆ ಇದ್ದ ಗುಣವೇ ಅದಾಗಿತ್ತು, ಇಬ್ಬರೂ ಪಕ್ಕದಲ್ಲಿ ಕೂರಬೇಕಿತ್ತು. 2025ರ ಮಾರ್ಚ್‌ನಲ್ಲಿ ನಿಯಾಂಟಿಕ್ ತನ್ನ ಆಟಗಳನ್ನು ಸ್ಕೋಪ್ಲಿ ಕಂಪನಿಗೆ 350 ಕೋಟಿ ಡಾಲರಿಗೆ ಮಾರುವುದಾಗಿ ಹೇಳಿತು. ಸ್ಕೋಪ್ಲಿಯ ಹಿಂದೆ ಇರೋದು ಸೌದಿ ಸರ್ಕಾರದ ಹೂಡಿಕೆ ನಿಧಿ. ನಿಷೇಧ ಹಾಕಿದ ದೇಶದ ಹಣ ಕಾಲು ಶತಮಾನದೊಳಗೆ ಆಟದ ಯಜಮಾನಿಕೆಗೆ ಬಂತು. ಈ ಆಟ ಎಷ್ಟು ದೂರ ನಡೆದು ಬಂದಿದೆ ಅನ್ನೋದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇದೇ ಪಾಠ ಇನ್ನೊಮ್ಮೆ ಬಂತು. 2024ರ ಅಕ್ಟೋಬರ್ 30ಕ್ಕೆ ಮೊಬೈಲಿನಲ್ಲಿ ಕಾರ್ಡ್ ಕೂಡಿಸುವ ಆಟ ಬಿಟ್ಟರು, ಹೆಸರು "ಪಾಕೆಟ್". ಕಾರ್ಡ್ ಅದಲುಬದಲು ಮಾಡುವ ಅವಕಾಶ ಬಂದಿದ್ದು 2025ರ ಜನವರಿ ಕೊನೆಗೆ. ಬಂದ ರೀತಿ ಹೇಗಿತ್ತು ಗೊತ್ತಾ? ಅಪರೂಪದ ಒಂದು ಕಾರ್ಡ್ ಕೊಡಬೇಕಿದ್ದರೆ ಟೋಕನ್ ಬೇಕು. ಟೋಕನ್ ಬೇಕಿದ್ದರೆ ನಿಮ್ಮ ಹತ್ತಿರ ಇರುವ ಬೇರೆ ಕಾರ್ಡ್‌ಗಳನ್ನು ಅಳಿಸಿ ಹಾಕಬೇಕು. ಗೆಳೆಯನಿಗೆ ಒಂದು ಕೊಡೋಕೆ ನಿಮ್ಮವು ಹಲವನ್ನು ಸುಡಬೇಕು ಅಂದ ಹಾಗಾಯಿತು. ಆಟಗಾರರು ಸಿಟ್ಟಾದರು. ಆ ವರ್ಷದ ಜುಲೈಯಲ್ಲಿ ಕಂಪನಿ ಟೋಕನ್ ತೆಗೆದುಹಾಕಿತು. ಜನ ಸಿಟ್ಟಾಗಿದ್ದು ಚಿತ್ರ ಚೆನ್ನಾಗಿಲ್ಲ ಅಂತ ಅಲ್ಲ, ಕಾರ್ಡ್ ಸಿಗುತ್ತಿಲ್ಲ ಅಂತಲೂ ಅಲ್ಲ. ಕೊಡೋಕೆ ಬಿಡುತ್ತಿಲ್ಲ ಅಂತ.

ಕಾಗದದ ಕಾರ್ಡಿನದು ಬೇರೆಯೇ ರೋಗ. 2025ರ ಮಾರ್ಚ್‌ವರೆಗೆ ಅಚ್ಚಾದ ಕಾರ್ಡ್ 7,500 ಕೋಟಿ ದಾಟಿದೆ. ಕೊನೆಯ ಒಂದೇ ವರ್ಷದಲ್ಲಿ ಸಾವಿರ ಕೋಟಿಗಿಂತ ಜಾಸ್ತಿ. ಇಷ್ಟು ಅಚ್ಚು ಹಾಕಿದರೂ ಮಕ್ಕಳ ಕೈಗೆ ಸಿಗುತ್ತಿಲ್ಲ. ಕೊರೊನಾ ಕಾಲದಲ್ಲಿ ಮನೆಯಲ್ಲಿ ಕೂತ ದೊಡ್ಡವರು ಹಳೆಯ ಪೆಟ್ಟಿಗೆ ತೆಗೆದರು. ಬೆಲೆ ಏರಿತು. 2021ರ ಮೇ ತಿಂಗಳಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳು ಜಗಳಕ್ಕೆ ಹೆದರಿ ಅಂಗಡಿಯೊಳಗೆ ಕಾರ್ಡ್ ಮಾರುವುದನ್ನೇ ನಿಲ್ಲಿಸಿದವು. ಯೂಟ್ಯೂಬಿನ ಲೋಗನ್ ಪಾಲ್ ಒಂದೇ ಒಂದು ಪಿಕಾಚು ಕಾರ್ಡಿಗೆ 52,75,000 ಡಾಲರ್ ಕೊಟ್ಟರು. ಅದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕೊರಳಿಗೆ ಹಾಕಿಕೊಂಡು ಕುಸ್ತಿಯ ಅಖಾಡಕ್ಕೆ ಬಂದರು. ಡಬ್ಬಿಯಲ್ಲಿ ಮುಚ್ಚಿದ ಕಾರ್ಡಿಗೆ ಬೆಲೆ ಇದೆ, ಆಟ ಇಲ್ಲ. ಜಪಾನಿನ ಆ ಊಟದ ಪೊಟ್ಟಣಗಳು ಕಸಕ್ಕೆ ಬಿದ್ದಿದ್ದು ಇದೇ ದಾರಿಯ ತುದಿಯಲ್ಲಿ.

ಜಪಾನ್ ಸರ್ಕಾರವೂ ಈಗ ಇದನ್ನು ಲೆಕ್ಕದ ಕಣ್ಣಿನಿಂದ ನೋಡುತ್ತಿದೆ. ಆಟ, ಅನಿಮೇಷನ್, ಕಾಮಿಕ್ಸ್ ಎಲ್ಲ ಸೇರಿ 2023ರಲ್ಲಿ ಜಪಾನ್ ಹೊರದೇಶಗಳಿಂದ ಗಳಿಸಿದ್ದು ಸುಮಾರು 5.8 ಲಕ್ಷ ಕೋಟಿ ಯೆನ್. ಅಲ್ಲಿನ ಸೆಮಿಕಂಡಕ್ಟರ್ ರಫ್ತಿಗೆ ಸರಿಗಟ್ಟುವ ಮೊತ್ತ. 2033ಕ್ಕೆ 20 ಲಕ್ಷ ಕೋಟಿ ಯೆನ್ ಮುಟ್ಟಿಸುವ ಗುರಿ ಇಟ್ಟುಕೊಂಡಿದ್ದಾರೆ. ಗುರಿ ತಪ್ಪಲ್ಲ. ಆದರೆ ದುಡ್ಡು ಮಾಡುವ ಅವಸರದಲ್ಲಿ ಎರಡು ಮಕ್ಕಳ ನಡುವಿನ ಆ ಕೇಬಲ್ಲನ್ನು ಕತ್ತರಿಸಿದರೆ ಮಾರೋಕೆ ಬೊಂಬೆ ಮಾತ್ರ ಉಳಿಯುತ್ತದೆ ಅನ್ನೋದು ನನ್ನ ಆತಂಕ.

ನಮ್ಮ ಪಡಸಾಲೆಗೆ ಹಿಂದಿಯಲ್ಲಿ ಬಂದ ಪಿಕಾಚು

ಭಾರತದಲ್ಲಿ ಪೊಕೆಮಾನ್ ಕಾರ್ಟೂನ್ ನೆಟ್‌ವರ್ಕ್‌ಗೆ ಬಂದಿದ್ದು 2003ರಲ್ಲಿ. ನಾನು ನೋಡಿದ್ದು ಹಿಂದಿಯಲ್ಲಿ, ಹಾಸನದ ನಮ್ಮ ಮನೆಯ ಪಡಸಾಲೆಯಲ್ಲಿ. ಹಿಂದಿ ಅರ್ಧಂಬರ್ಧ. ಗೇಮ್ ಬಾಯ್ ಅನ್ನೋದನ್ನು ನಮ್ಮ ಬೀದಿಯಲ್ಲಿ ಯಾರೂ ಕಂಡಿರಲಿಲ್ಲ. ಆದರೆ ಕಾರ್ಟೂನ್ ಮುಗಿದ ಕೂಡಲೇ ಬೀದಿಯಲ್ಲಿ ಆಟ ಶುರು.

"ಲೋ, ನಿಂದು ಚಾರ್ಮಾಂಡರ್ ಅಲ್ವೇನೋ? ನಾನು ನೀರು ಹಾಕ್ದೆ. ಸತ್ತೋಯ್ತು."

"ಸಾಯಲ್ಲ ಕಣೋ. ಮೂರ್ಛೆ ಹೋಗತ್ತೆ ಅಷ್ಟೆ."

ಅವನು ಹೇಳಿದ್ದು ಸರಿ. ಪೊಕೆಮಾನ್ ಕಾಳಗದಲ್ಲಿ ಸೋತದ್ದು ಸಾಯುವುದಿಲ್ಲ, ಮೂರ್ಛೆ ಹೋಗುತ್ತದೆ. ತಾಜಿರಿ ಬೇಕೆಂದೇ ಹಾಗೆ ಮಾಡಿದ್ದು. ಹಿಂದಿಯಲ್ಲಿ ಕೇಳಿಸಿಕೊಂಡ ಇಷ್ಟು ಸೂಕ್ಷ್ಮ ನಿಯಮ ನಮ್ಮ ಬಾಯಲ್ಲಿ ಕನ್ನಡವಾಗಿ ಬರುತ್ತಿತ್ತು. ಡಬ್ಬಿಂಗ್ ಮಾಡುತ್ತಿದ್ದವರು ನಾವೇ.

ಕನ್ನಡ ಚಿತ್ರರಂಗ ದಶಕಗಳ ಕಾಲ ಡಬ್ಬಿಂಗ್ ಬೇಡ ಎಂದು ಗಟ್ಟಿಯಾಗಿ ನಿಂತಿತ್ತು. ಕಲಾವಿದರ, ತಂತ್ರಜ್ಞರ ಹೊಟ್ಟೆಪಾಡಿನ ಪ್ರಶ್ನೆ ಅದು. ಅದನ್ನು ಹಗುರ ಮಾಡಲಾರೆ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆ ತಪ್ಪು ಎಂದಿತು. ಅಷ್ಟರಲ್ಲಿ ಒಂದು ತಲೆಮಾರಿನ ಮಕ್ಕಳ ಕಾರ್ಟೂನ್ ಭಾಷೆ ಹಿಂದಿ, ಇಂಗ್ಲಿಷ್ ಆಗಿಬಿಟ್ಟಿತ್ತು. 2009ರಲ್ಲಿ ಚಿಂಟು ಟಿವಿ ಬಂದು ಮಕ್ಕಳ ಕನ್ನಡಕ್ಕೆ ಒಂದು ಜಾಗ ಕೊಟ್ಟಿತು, ಆದರೆ ಪೊಕೆಮಾನ್ ಗೀಳು ಹತ್ತಿದ್ದವರು ಆಗಲೇ ಹೈಸ್ಕೂಲು ಸೇರಿದ್ದರು. ಪೊಕೆಮಾನ್ ಗೋ ಆಟಕ್ಕೆ 2023ರಲ್ಲಿ ಹಿಂದಿ ಬಂತು. ಮುಖ್ಯ ಆಟಗಳಲ್ಲಿ ಕನ್ನಡ ಇವತ್ತಿಗೂ ಇಲ್ಲ. ಫ್ರೆಂಚರ ಬುಲ್ಬಿಜಾರ್ ನೋಡಿದಾಗಲೆಲ್ಲ ನನಗೆ ಹೊಟ್ಟೆಕಿಚ್ಚಾಗುತ್ತದೆ.

ಹೋದ ವರ್ಷ ರಜಕ್ಕೆ ಊರಿಗೆ ಹೋದಾಗ ಅಕ್ಕನ ಮಗ ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ತಂದು ನನ್ನ ಮುಂದೆ ಇಟ್ಟ. ಶಾಲೆ ಪಕ್ಕದ ಪುಸ್ತಕದಂಗಡಿಯಲ್ಲಿ ಹತ್ತು ರೂಪಾಯಿಗೆ ಒಂದು ಪೊಟ್ಟಣ. ಎಲ್ಲ ನಕಲಿ. ಬಣ್ಣ ಪಕ್ಕಕ್ಕೆ ಸರಿದಿದೆ, ಇಂಗ್ಲಿಷ್ ಅಕ್ಷರಗಳಲ್ಲಿ ತಪ್ಪು, ಕೆಲವದರ ಹಿಂಬದಿ ತಲೆಕೆಳಗು. ಅವನಿಗೆ ಅದರ ಚಿಂತೆಯೇ ಇಲ್ಲ. ಯಾವುದು ಯಾವುದಕ್ಕೆ ಸಮ ಅಂತ ಇಡೀ ತರಗತಿ ಕೂತು ತೀರ್ಮಾನ ಮಾಡಿಕೊಂಡಿದೆ. ಹೊಳೆಯೋದು ಒಂದಕ್ಕೆ ಸಾದಾ ಐದು.

ಚಾರ್ಮಾಂಡರ್ ಎರಡಿತ್ತು. ಅದರ ಜಪಾನಿ ಹೆಸರಿನ ಅರ್ಥ ಹೇಳಿದೆ. ಬೆಂಕಿ, ಹಲ್ಲಿ.

"ಹಂಗಾದ್ರೆ ಕನ್ನಡದಲ್ಲಿ ಏನು ಮಾಮ?"

"ನೀನೇ ಹೇಳು."

ಸ್ವಲ್ಪ ಹೊತ್ತು ಬೇಲಿ ಕಡೆ ನೋಡಿದ. ಅಲ್ಲಿ ಒಂದು ಓತಿಕ್ಯಾತ ತಲೆ ಆಡಿಸುತ್ತಿತ್ತು. "ಉರಿಕ್ಯಾತ," ಅಂದ.

ಒಂದು ಕಾರ್ಡಿನ ಮೇಲೆ ಬಾಲ್‌ಪೆನ್ನಿನಲ್ಲಿ ದೊಡ್ಡದಾಗಿ ಬರೆದ. ಎರಡು ದಿನ ಬಿಟ್ಟು ಕಟ್ಟು ನೋಡಿದರೆ ಹೆಸರು ಬರೆದದ್ದು ಇರಲಿಲ್ಲ. ಪಕ್ಕದ ಬೀದಿಯ ಹುಡುಗಿಗೆ ಕೊಟ್ಟಿದ್ದನಂತೆ. ಅವಳು ಅದಕ್ಕೆ ಹೊಳೆಯೋದು ಎರಡು ಕೊಟ್ಟಿದ್ದಳು.